ತೊಂಬತ್ತು ಮೈಲಿಯ ನೀರು

ನೆರೆಮನೆಯವರೊಡನೆ ಮನಸ್ತಾಪ ಬಂದರೆ ಮನುಷ್ಯನಿಗೆ ಬೇರೆ ಬೀದಿಯಲ್ಲಿ ಮನೆ ಹಿಡಿಯುವ ದಾರಿಯಾದರೂ ಉಂಟು. ನೆರೆರಾಷ್ಟ್ರದೊಡನೆ ಮನಸ್ತಾಪ ಬಂದ ರಾಷ್ಟ್ರಕ್ಕೆ ಆ ದಾರಿಯೂ ಇಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕ್ಯೂಬಾ ದೇಶಗಳ ಪಾಡು ಹೀಗೆಯೇ ಆಗಿದೆ. ಫ್ಲಾರಿಡ ಪ್ರಾಂತದ ದಕ್ಷಿಣದ ತುದಿಯಲ್ಲಿ ಕೀ ವೆಸ್ಟ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಕಡಲ ದಂಡೆಯಲ್ಲಿ ಬಣ್ಣ ಬಳಿದ ದಪ್ಪನೆಯ ಗುರುತುಗಂಬವೊಂದು ನಿಂತಿದೆ. ಕ್ಯೂಬಾಕ್ಕೆ ೯೦ ಮೈಲಿ ಎಂದು ಅದರ ಮೇಲೆ ಬರೆದಿದೆ. ಪ್ರವಾಸಿಗಳು ಅದರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ತೊಂಬತ್ತು ಮೈಲಿಯೆಂದರೆ ಸುಮಾರು ೧೪೫ ಕಿಲೋಮೀಟರು. ವಿಮಾನಕ್ಕೆ ಒಂದು ಗಂಟೆಯ ದಾರಿಯೂ ಅಲ್ಲ. ಆದರೆ ಆ ನೀರನ್ನು ದಾಟಿ ಹೆತ್ತ ತಾಯಿಯ ಮುಖ ನೋಡಲು ಕೆಲವರಿಗೆ ಇಪ್ಪತ್ತು ವರ್ಷ ಹಿಡಿಯಿತು. ಕೆಲವರು ದಾಟಲು ಹೊರಟು ನೀರಿನ ಪಾಲಾದರು. ಇನ್ನು ಕೆಲವರು ದಂಡೆಯಲ್ಲಿ ಕಾಯುತ್ತಲೇ ಕಣ್ಣು ಮುಚ್ಚಿದರು.

ಈ ಎರಡು ದೇಶಗಳ ಸಂಬಂಧ ಮುಂದೆ ಏನಾದೀತು ಎಂಬ ಪ್ರಶ್ನೆ ದಿನಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದು ಎರಡು ಸರ್ಕಾರಗಳ ಪ್ರಶ್ನೆ. ಕುಟುಂಬಗಳಿಗಾಗಿ ನಡೆಯುವ ಈ ಪತ್ರಿಕೆಯಲ್ಲಿ ನಾವು ಅದನ್ನು ಕುಟುಂಬಗಳ ಪ್ರಶ್ನೆಯಾಗಿ ನೋಡಬಯಸುತ್ತೇವೆ. ೧೯೫೬ರಲ್ಲಿ ರಾಜ್ಯಗಳ ಗೆರೆಯನ್ನು ಹೊಸದಾಗಿ ಎಳೆದಾಗ ನಮ್ಮ ಮನೆಗಳು ಒಂದು ಕಡೆಗೆ, ಬೀಗರ ಮನೆಗಳು ಇನ್ನೊಂದು ಕಡೆಗೆ ಬಿದ್ದವು. ಅದರ ನೋವು ನಮಗೆ ತಿಳಿಯದ್ದೇನಲ್ಲ. ಆದರೂ ಆ ಗೆರೆ ದಾಟಿ ಸೋದರಮಾವನ ಮನೆಯ ಮದುವೆಗೆ ಹೋಗಲು ನಮಗೆ ಬಸ್ಸಿನ ಟಿಕೆಟ್ಟೊಂದು ಸಾಕು. ಅಷ್ಟೂ ಇಲ್ಲದವರ ಕಥೆ ಇದು.

ಹಗೆತನಕ್ಕಿಂತ ನಂಟು ಹಳೆಯದು ಎಂಬುದನ್ನು ಮೊದಲು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯೂಬಾ ಸ್ಪೇನಿನ ವಸಾಹತಾಗಿತ್ತು. ೧೮೬೮ರಲ್ಲಿ ಅಲ್ಲಿ ಸ್ವಾತಂತ್ರ್ಯದ ಮೊದಲ ಯುದ್ಧ ಹೊತ್ತಿಕೊಂಡು ಹತ್ತು ವರ್ಷ ಉರಿಯಿತು. ಆ ಕಾಲದಲ್ಲಿ ಹವಾನಾದ ಚುಟ್ಟಾ ಸುತ್ತುವ ಕೆಲಸಗಾರರು ಕಡಲು ದಾಟಿ ಕೀ ವೆಸ್ಟಿಗೆ ಬಂದು ನೆಲೆಸಿದರು. ೧೮೮೦ರ ದಶಕದ ನಡುವಿನಿಂದ ಟ್ಯಾಂಪಾ ನಗರದ ಈಬರ್ ಸಿಟಿಯಲ್ಲಿಯೂ ಅವರ ಬೀದಿಗಳು ಬೆಳೆದವು. ಅವರ ಕಾರ್ಖಾನೆಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಕೆಲಸಗಾರರು ತಮ್ಮ ಕೂಲಿಯಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಗಟ್ಟಿಯಾಗಿ ಓದಿ ಹೇಳುವವನೊಬ್ಬನನ್ನು ನೇಮಿಸಿಕೊಳ್ಳುತ್ತಿದ್ದರು. ಅವನು ಎತ್ತರದ ಪೀಠದಲ್ಲಿ ಕುಳಿತು ವೃತ್ತಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಓದುತ್ತಿದ್ದರೆ, ಕೆಳಗೆ ನೂರಾರು ಕೈಗಳು ಎಲೆ ಸುತ್ತುತ್ತಿದ್ದವು. ಅಕ್ಷರ ಬಾರದವನೂ ಲೋಕದ ಸುದ್ದಿ ತಿಳಿದುಕೊಂಡು ಸಂಜೆ ಮನೆಗೆ ಹೋಗುತ್ತಿದ್ದನು.

ಕ್ಯೂಬಾದ ಕವಿ, ಸ್ವಾತಂತ್ರ್ಯವೀರ ಹೊಸೆ ಮಾರ್ತಿಯವರು ತಮ್ಮ ಬಾಳಿನ ಕೊನೆಯ ಹದಿನೈದು ವರ್ಷಗಳ ಬಹುಭಾಗವನ್ನು ನ್ಯೂಯಾರ್ಕಿನಲ್ಲಿ ಕಳೆದರು. ೧೮೯೧ರಲ್ಲಿ ಅವರು ಟ್ಯಾಂಪಾದ ಚುಟ್ಟಾ ಕೆಲಸಗಾರರ ಮುಂದೆ ನಿಂತು ಸ್ವಾತಂತ್ರ್ಯಕ್ಕಾಗಿ ನೆರವು ಬೇಡಿದರು. ಮರುವರ್ಷ ಅಮೆರಿಕದ ನೆಲದಲ್ಲಿಯೇ ಕ್ಯೂಬಾದ ಕ್ರಾಂತಿಪಕ್ಷವನ್ನು ಕಟ್ಟಿದರು. ೧೮೯೫ರ ಮೇ ೧೯ರಂದು ತಾಯ್ನೆಲದ ರಣರಂಗದಲ್ಲಿ ಮಡಿದರು. ಇಂದು ಹವಾನಾದ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ. ಕ್ಯೂಬಾದ ಸರ್ಕಾರಕ್ಕೆ ಎದುರಾಗಿ ಸುದ್ದಿ ಬಿತ್ತರಿಸಲೆಂದು ಅಮೆರಿಕ ೧೯೮೫ರಲ್ಲಿ ತೆರೆದ ರೇಡಿಯೋ ಕೇಂದ್ರಕ್ಕೂ ಅವರದೇ ಹೆಸರು. ಪಾಲಾಗಿ ಜಗಳವಾಡುವ ಅಣ್ಣತಮ್ಮಂದಿರು ಇಬ್ಬರೂ ತಮ್ಮ ತಮ್ಮ ಮನೆಯ ಗೋಡೆಗೆ ಅಜ್ಜನ ಒಂದೇ ಪಟವನ್ನು ತೂಗುಹಾಕುವುದಿಲ್ಲವೇ? ಇದೂ ಹಾಗೆಯೇ.

ಜಗಳದ ಬೀಜವೂ ಆ ಕಾಲದಲ್ಲಿಯೇ ಬಿದ್ದಿತು. ೧೮೯೮ರಲ್ಲಿ ಅಮೆರಿಕ ಸ್ಪೇನಿನ ಮೇಲೆ ಯುದ್ಧ ಹೂಡಿ ಗೆದ್ದಿತು. ಮೂವತ್ತು ವರ್ಷ ಹೋರಾಡಿದ ಕ್ಯೂಬನರಿಗೆ ಸಂಧಿಯ ಮೇಜಿನ ಬಳಿ ಆಸನವೇ ಸಿಗಲಿಲ್ಲ. ೧೯೦೨ರಲ್ಲಿ ದೊರೆತ ಸ್ವಾತಂತ್ರ್ಯದೊಂದಿಗೆ ಪ್ಲಾಟ್ ತಿದ್ದುಪಡಿ ಎಂಬ ಹಗ್ಗವೂ ಬಂದಿತು: ಅಮೆರಿಕ ತನಗೆ ಬೇಕೆನಿಸಿದಾಗ ಕ್ಯೂಬಾದ ಒಳಾಡಳಿತದಲ್ಲಿ ಕೈಹಾಕಬಹುದು. ಆ ತಿದ್ದುಪಡಿ ೧೯೩೪ರಲ್ಲಿ ರದ್ದಾಯಿತಾದರೂ ೧೯೦೩ರಲ್ಲಿ ಗೇಣಿಗೆ ಪಡೆದ ಗ್ವಾಂಟನಾಮೊ ಕೊಲ್ಲಿಯ ನೌಕಾನೆಲೆ ಅಮೆರಿಕದ ವಶದಲ್ಲಿಯೇ ಉಳಿಯಿತು. ಅದರ ಗೇಣಿ ವರ್ಷಕ್ಕೆ ೪,೦೮೫ ಡಾಲರು. ಕ್ರಾಂತಿಯ ನಂತರದ ಕ್ಯೂಬಾ ಸರ್ಕಾರ ಒಂದೇ ಒಂದು ಚೆಕ್ಕನ್ನು ನಗದು ಮಾಡಿಕೊಂಡಿತು. ಆಮೇಲಿನ ಚೆಕ್ಕುಗಳನ್ನು ಮುಟ್ಟಲಿಲ್ಲ. ಗೇಣಿಯ ಒಪ್ಪಂದ ಮುರಿಯಬೇಕಾದರೆ ಎರಡೂ ಕಡೆಯವರು ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಜಾಗ ಬಿಟ್ಟುಹೋಗಬೇಕು.

೧೯೫೯ರ ಜನವರಿ ೧ರಂದು ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿದನು. ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದರು. ಮುಂದಿನದು ಏಟಿಗೆ ಎದಿರೇಟು. ೧೯೬೦ರಲ್ಲಿ ಅಮೆರಿಕ ಕ್ಯೂಬಾದ ಸಕ್ಕರೆ ಕೊಳ್ಳುವುದನ್ನು ಕಡಿದುಹಾಕಿತು; ಕ್ಯೂಬಾ ಅಮೆರಿಕನರ ಗಿರಣಿ, ಜಮೀನು, ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ೧೯೬೧ರ ಜನವರಿ ೩ರಂದು ರಾಯಭಾರ ಸಂಬಂಧ ಕಡಿಯಿತು. ಅದೇ ಏಪ್ರಿಲಿನಲ್ಲಿ ಅಮೆರಿಕದ ಗುಪ್ತಚರ ಇಲಾಖೆ ತರಬೇತು ಕೊಟ್ಟ ದೇಶಭ್ರಷ್ಟ ಕ್ಯೂಬನರ ಪಡೆ ಬೇ ಆಫ್ ಪಿಗ್ಸ್ ಕೊಲ್ಲಿಯಲ್ಲಿ ಇಳಿದು ಸೋತಿತು. ೧೯೬೨ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನೆಡಿಯವರು ವ್ಯಾಪಾರದ ಸಂಪೂರ್ಣ ದಿಗ್ಬಂಧನ ಹೇರಿದರು. ಅಕ್ಟೋಬರಿನಲ್ಲಿ ಸೋವಿಯತ್ ಕ್ಷಿಪಣಿಗಳ ಕಾರಣದಿಂದ ಲೋಕವೇ ಹದಿಮೂರು ದಿನ ಉಸಿರು ಬಿಗಿಹಿಡಿದು ಕುಳಿತಿತು.

ಇದೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಸಿಗುತ್ತದೆ. ಅದೇ ದಿನಗಳಲ್ಲಿ ಮನೆಗಳೊಳಗೆ ನಡೆದದ್ದೇನು? ೧೯೬೦ರ ಕೊನೆಯಿಂದ ೧೯೬೨ರ ಅಕ್ಟೋಬರಿನವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರ ತಂದೆತಾಯಿಯರು ಒಂಟಿಯಾಗಿ ವಿಮಾನ ಹತ್ತಿಸಿ ಮಯಾಮಿಗೆ ಕಳಿಸಿದರು. ಹೊಸ ಸರ್ಕಾರ ಮಕ್ಕಳನ್ನು ತಮ್ಮಿಂದ ಕಿತ್ತುಕೊಳ್ಳುವುದೆಂಬ ವದಂತಿ ಹಬ್ಬಿತ್ತು. ಕೆಲವೇ ತಿಂಗಳುಗಳ ಅಗಲಿಕೆಯೆಂದು ಆ ತಾಯಂದಿರು ನಂಬಿದ್ದರು. ಕ್ಷಿಪಣಿಗಳ ಬಿಕ್ಕಟ್ಟು ಬಂದು ವಿಮಾನಗಳು ನಿಂತವು. ಎಷ್ಟೋ ಮಕ್ಕಳು ಅನಾಥಾಲಯಗಳಲ್ಲಿ, ಗುರುತಿಲ್ಲದವರ ಮನೆಗಳಲ್ಲಿ ವರ್ಷಗಟ್ಟಲೆ ಕಾದರು. ಮತ್ತೆ ಸೇರಿದಾಗ ತಾಯಿ ಸ್ಪಾನಿಷ್ ಭಾಷೆಯಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಮಕ್ಕಳೂ ಅವರಲ್ಲಿದ್ದರು. ೧೯೬೫ರ ಕೊನೆಯಿಂದ ೧೯೭೩ರವರೆಗೆ ಉಭಯ ಸರ್ಕಾರಗಳ ಒಪ್ಪಿಗೆಯಿಂದ ನಡೆದ ವಿಮಾನಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಬಂದರು. ಬಿಟ್ಟುಹೋದವರನ್ನು ಕ್ಯೂಬಾದ ಸರ್ಕಾರ 'ಗುಸಾನೊ' ಎಂದು ಕರೆಯಿತು. ಹುಳುಗಳು ಎಂದು ಅದರ ಅರ್ಥ. ಅವರೊಡನೆ ಕಾಗದ ವ್ಯವಹಾರ ಇಟ್ಟುಕೊಂಡವರನ್ನು ಪಕ್ಷದವರು ಸಂಶಯದಿಂದ ನೋಡುತ್ತಿದ್ದರು.

ಬಾಗಿಲು ಮೊದಲ ಸಲ ತೆರೆದದ್ದು ಅಧ್ಯಕ್ಷ ಕಾರ್ಟರರ ಕಾಲದಲ್ಲಿ. ೧೯೭೭ರಲ್ಲಿ ಎರಡು ದೇಶಗಳೂ ಪರಸ್ಪರ ರಾಜಧಾನಿಗಳಲ್ಲಿ ಚಿಕ್ಕ ಕಚೇರಿಗಳನ್ನು ತೆರೆದವು. ೧೯೭೯ರಲ್ಲಿ ಲಕ್ಷಕ್ಕೂ ಮಿಕ್ಕಿ ದೇಶಭ್ರಷ್ಟರು ತಮ್ಮವರನ್ನು ನೋಡಲು ಹವಾನಾಕ್ಕೆ ಬಂದಿಳಿದರು. ತಾಯಿಗೆ ಔಷಧಿ, ತಂಗಿಗೆ ಉಡುಪು, ತಮ್ಮನ ಮಕ್ಕಳಿಗೆ ಪಾದರಕ್ಷೆ ತುಂಬಿದ ಚೀಲಗಳು ಅವರ ಕೈಯಲ್ಲಿದ್ದವು. ಆಗ ಹವಾನಾದ ಬೀದಿಗಳಲ್ಲಿ ಒಂದು ವಿನೋದದ ಮಾತು ಹುಟ್ಟಿತು. ಹೋಗುವಾಗ ಹುಳುಗಳಾಗಿದ್ದವರು ಬರುವಾಗ 'ಮರಿಪೊಸಾ'ಗಳಾಗಿ, ಎಂದರೆ ಚಿಟ್ಟೆಗಳಾಗಿ ಬಂದರಂತೆ! ಸರ್ಕಾರ ಇಪ್ಪತ್ತು ವರ್ಷ ಕಲಿಸಿದ ಬೈಗುಳವನ್ನು ಜನ ಒಂದೇ ನಗೆಯಲ್ಲಿ ತೊಳೆದುಹಾಕಿದರು.

ಆ ನಗೆ ಬಹಳ ದಿನ ಉಳಿಯಲಿಲ್ಲ. ೧೯೮೦ರಲ್ಲಿ ದೇಶ ಬಿಡಬಯಸಿದವರಿಗೆ ಕ್ಯಾಸ್ಟ್ರೊ ಮರಿಯೆಲ್ ಬಂದರನ್ನು ತೆರೆದರು. ಮಯಾಮಿಯ ಬಂಧುಗಳು ದೋಣಿ ಬಾಡಿಗೆ ಹಿಡಿದು ಬಂದರು. ಕೆಲವೇ ತಿಂಗಳುಗಳಲ್ಲಿ ಸುಮಾರು ೧,೨೫,೦೦೦ ಜನ ಕಡಲು ದಾಟಿದರು. ಹೊರಡುವವರ ಮನೆಯ ಮುಂದೆ ಜನರನ್ನು ಕೂಡಿಸಿ ಕೂಗಿಸುವುದು, ಮೊಟ್ಟೆ ಎಸೆಸುವುದು ನಡೆಯಿತು. ಸೋವಿಯತ್ ಒಕ್ಕೂಟ ಒಡೆದು ಕ್ಯೂಬಾದಲ್ಲಿ ಅನ್ನಕ್ಕೂ ತತ್ವಾರವಾದ ಮೇಲೆ, ೧೯೯೪ರ ಆಗಸ್ಟಿನಲ್ಲಿ ಸಾವಿರ ಸಾವಿರ ಜನ ಟೈರುಗಳ ಒಳಕೊಳವೆಗಳನ್ನು ಕಟ್ಟಿಕೊಂಡು ತೆಪ್ಪಗಳಲ್ಲಿ ಹೊರಟರು. ೧೯೯೯ರ ನವೆಂಬರಿನಲ್ಲಿ ಐದು ವರ್ಷದ ಎಲಿಯಾನ್ ಗೊನ್ಸಾಲೆಸ್ ಎಂಬ ಬಾಲಕ ಫ್ಲಾರಿಡದ ಕಡಲಲ್ಲಿ ತೇಲುತ್ತ ಸಿಕ್ಕಿದನು. ಅವನ ತಾಯಿ ಮುಳುಗಿಹೋಗಿದ್ದಳು. ಮಯಾಮಿಯಲ್ಲಿದ್ದ ತಂದೆಯ ಚಿಕ್ಕಪ್ಪ ಹುಡುಗನನ್ನು ಬಿಡಲೊಲ್ಲರು. ಕ್ಯೂಬಾದಲ್ಲಿದ್ದ ತಂದೆ ತನ್ನ ಮಗನನ್ನು ಕೊಡಿರೆಂದು ಕೇಳಿದನು. ಏಳು ತಿಂಗಳು ಎರಡು ದೇಶಗಳೂ ಬೀದಿಗಿಳಿದವು. ೨೦೦೦ದ ಜೂನ್ ೨೮ರಂದು ಹುಡುಗ ತಂದೆಯೊಡನೆ ಹಿಂದಿರುಗಿದನು. ಅದೇ ಎಲಿಯಾನ್ ೨೦೨೩ರಲ್ಲಿ ಕ್ಯೂಬಾದ ರಾಷ್ಟ್ರೀಯ ಸಭೆಯ ಸದಸ್ಯನಾದನು. ಮಗುವಿನ ತೊಟ್ಟಿಲೂ ರಾಜಕಾರಣದ ವೇದಿಕೆಯಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ನಮ್ಮ ಓದುಗರ ಗಮನವನ್ನು ಇನ್ನೊಂದು ಸಂಗತಿಯ ಕಡೆಗೆ ವಿಶೇಷವಾಗಿ ಸೆಳೆಯಬಯಸುತ್ತೇವೆ. ೨೦೦೪ರಲ್ಲಿ ಅಮೆರಿಕ ಸರ್ಕಾರ ಒಂದು ನಿಯಮ ಮಾಡಿತು. ಅಲ್ಲಿಯವರೆಗೆ ಅಮೆರಿಕದ ಕ್ಯೂಬನರು ವರ್ಷಕ್ಕೊಮ್ಮೆ ತಮ್ಮವರನ್ನು ನೋಡಿಬರಬಹುದಿತ್ತು. ಹೊಸ ನಿಯಮದಂತೆ ಮೂರು ವರ್ಷಕ್ಕೊಂದೇ ಸಲ, ಹದಿನಾಲ್ಕು ದಿನ ಮಾತ್ರ. ಅದೂ ಎಲ್ಲ ಬಂಧುಗಳನ್ನು ನೋಡಲು ಅಲ್ಲ. ಅಜ್ಜ ಅಜ್ಜಿ, ತಂದೆ ತಾಯಿ, ಗಂಡ ಹೆಂಡತಿ, ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು, ಇಷ್ಟೇ ಕುಟುಂಬ. ಚಿಕ್ಕಪ್ಪ ಕುಟುಂಬದವನಲ್ಲ. ಸೋದರತ್ತೆ ಕುಟುಂಬದವಳಲ್ಲ. ಎದೆಯ ಮೇಲೆ ಹೊತ್ತು ಸಾಕಿದ ದೊಡ್ಡಮ್ಮ ಕುಟುಂಬದವಳಲ್ಲ. ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆಂದು ನೋಡಿಬಂದವನು, ಮರುವರ್ಷ ತಾಯಿ ತೀರಿಕೊಂಡರೆ ಹೋಗುವಂತಿಲ್ಲ. ಮೂರು ವರ್ಷ ತುಂಬಿಲ್ಲವಲ್ಲ! ಕಳಿಸುವ ಕಾಣಿಕೆಯ ಪೆಟ್ಟಿಗೆಯಲ್ಲಿ ಬಟ್ಟೆಬರೆ ಇಡುವುದನ್ನೂ ನಿಷೇಧಿಸಲಾಯಿತು. ಕ್ಯಾಸ್ಟ್ರೊ ಸರ್ಕಾರಕ್ಕೆ ಡಾಲರು ಸೇರದಂತೆ ಮಾಡುವುದು ಅದರ ಉದ್ದೇಶವೆಂದು ಹೇಳಲಾಯಿತು. ಉದ್ದೇಶ ಏನೇ ಇರಲಿ, ಯಾರು ಬಂಧು, ಯಾರು ಅಲ್ಲ ಎಂಬುದನ್ನು ಸರ್ಕಾರವೊಂದು ಪಟ್ಟಿ ಮಾಡಿ ಹೇಳಿದ ಮಾತನ್ನು ಕೇಳಿ ನಮಗೆ ದಿಗ್ಭ್ರಮೆಯಾಯಿತು. ೨೦೦೯ರಲ್ಲಿ ಅಧ್ಯಕ್ಷ ಒಬಾಮರು ಅದನ್ನು ತೆಗೆದುಹಾಕಿದರು.

ಕ್ಯೂಬಾ ಸರ್ಕಾರವೇನೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಅಲ್ಲಿಯ ಪ್ರಜೆ ಹೊರದೇಶಕ್ಕೆ ಹೋಗಬೇಕಾದರೆ ಸರ್ಕಾರದ ಹೊರಹೋಗುವ ಅನುಮತಿ ಪಡೆಯಲೇಬೇಕೆಂಬ ಕಟ್ಟಳೆ ೨೦೧೩ರ ಜನವರಿಯವರೆಗೂ ಇತ್ತು. ಒಂದು ಕಡೆಯವರು ಒಳಗಿನಿಂದ ಅಗುಳಿ ಹಾಕಿದರೆ ಇನ್ನೊಂದು ಕಡೆಯವರು ಹೊರಗಿನಿಂದ ಬೀಗ ಜಡಿದರು.

೨೦೧೪ರ ಡಿಸೆಂಬರ್ ೧೭ರಂದು ಒಬಾಮರೂ ರಾವುಲ್ ಕ್ಯಾಸ್ಟ್ರೊ ಅವರೂ ಒಂದೇ ಹೊತ್ತಿನಲ್ಲಿ ತಮ್ಮ ತಮ್ಮ ಜನರನ್ನುದ್ದೇಶಿಸಿ ಮಾತನಾಡಿ, ಸಂಬಂಧವನ್ನು ಮತ್ತೆ ಜೋಡಿಸುವುದಾಗಿ ಸಾರಿದರು. ಪೋಪ್ ಫ್ರಾನ್ಸಿಸರು ನಡುವೆ ನಿಂತು ನೆರವಾಗಿದ್ದರು. ೨೦೧೫ರ ಆಗಸ್ಟ್ ೧೪ರಂದು ಹವಾನಾದ ಕಡಲ ದಂಡೆಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮೇಲೆ ಧ್ವಜ ಏರಿತು. ೧೯೬೧ರಲ್ಲಿ ಆ ಧ್ವಜವನ್ನು ಇಳಿಸಿದ್ದ ಮೂವರು ಸೈನಿಕರು, ಮುದುಕರಾಗಿ, ಅದೇ ಅಂಗಳದಲ್ಲಿ ನಿಂತು ಹೊಸ ಧ್ವಜವನ್ನು ಒಪ್ಪಿಸಿದರು. ಐವತ್ತನಾಲ್ಕು ವರ್ಷಗಳ ಹಿಂದೆ ಯುವಕರಾಗಿದ್ದಾಗ ಮಾಡಿದ ಕೆಲಸವನ್ನು ಹಿಂತಿರುಗಿಸುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ೨೦೧೬ರ ಮಾರ್ಚಿನಲ್ಲಿ ಒಬಾಮರು ಹವಾನಾಕ್ಕೆ ಬಂದರು. ಅದಕ್ಕೆ ಮೊದಲು ಅಧಿಕಾರದಲ್ಲಿದ್ದ ಅಮೆರಿಕದ ಅಧ್ಯಕ್ಷರೊಬ್ಬರು ಅಲ್ಲಿಗೆ ಹೋದದ್ದು ೧೯೨೮ರಲ್ಲಿ. ಆಗಸ್ಟಿನಿಂದ ದಿನನಿತ್ಯದ ವಿಮಾನಗಳು ಓಡಾಡತೊಡಗಿದವು. ಮನೆಯ ಮುಂದಿನ ಕೋಣೆಗೆ ಬಣ್ಣ ಬಳಿದು ಅತಿಥಿಗಳಿಗೆ ಬಾಡಿಗೆಗೆ ಕೊಡುವವರು, ಅಂಗಳದಲ್ಲಿ ನಾಲ್ಕು ಮೇಜು ಹಾಕಿ ಊಟದ ಮನೆ ನಡೆಸುವವರು ಹೆಚ್ಚಿದರು. ಅದಕ್ಕೆ ಬಂಡವಾಳ ಬಹುಮಟ್ಟಿಗೆ ಮಯಾಮಿಯ ತಮ್ಮನೋ ಅತ್ತೆಯೋ ಕಳಿಸಿದ ಡಾಲರು.

೨೦೧೭ರಿಂದ ಬಾಗಿಲು ಮತ್ತೆ ಮುಚ್ಚತೊಡಗಿತು. ಆ ಸೆಪ್ಟೆಂಬರಿನಲ್ಲಿ ಅರ್ಥವಾಗದ ಕಾಯಿಲೆಯ ಕಾರಣ ಹೇಳಿ ಅಮೆರಿಕ ತನ್ನ ರಾಯಭಾರ ಕಚೇರಿಯ ಬಹುಪಾಲು ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಆ ಮೇಲೆ ಅಮೆರಿಕದಲ್ಲಿರುವ ಗಂಡನನ್ನು ಸೇರಬೇಕಾದ ಹೆಂಡತಿ ವೀಸಾ ಸಂದರ್ಶನಕ್ಕಾಗಿ ಹವಾನಾದ ಕಚೇರಿಯನ್ನು ಬಿಟ್ಟು, ದಕ್ಷಿಣ ಅಮೆರಿಕದ ಗಯಾನಾ ದೇಶದವರೆಗೆ ವಿಮಾನದಲ್ಲಿ ಹೋಗಬೇಕಾಯಿತು. ೨೦೨೩ರ ಜನವರಿಯಲ್ಲಷ್ಟೇ ಹವಾನಾದಲ್ಲಿ ಆ ಕೆಲಸ ಪೂರ್ತಿಯಾಗಿ ಮರಳಿ ಆರಂಭವಾಯಿತು. ೨೦೧೯ರಲ್ಲಿ ಹವಾನಾವೊಂದನ್ನುಳಿದು ಬೇರೆ ಊರುಗಳ ವಿಮಾನಗಳು ನಿಂತವು. ೨೦೨೦ರ ನವೆಂಬರಿನಲ್ಲಿ ಹಣ ಕಳಿಸುವ ವೆಸ್ಟರ್ನ್ ಯೂನಿಯನ್ ಸಂಸ್ಥೆಯ ೪೦೭ ಕಟ್ಟೆಗಳು ಕ್ಯೂಬಾದಲ್ಲಿ ಮುಚ್ಚಿದವು. ಆ ಹಣ ಕ್ಯೂಬಾದ ಸೇನೆಯ ಅಂಕೆಯಲ್ಲಿರುವ ಕಂಪನಿಯ ಮೂಲಕ ಹಾಯುತ್ತದೆಂಬುದು ಅಮೆರಿಕದ ಆಕ್ಷೇಪವಾಗಿತ್ತು. ಸೇನೆ ಕಂಪನಿಯನ್ನು ಬಿಡಲಿಲ್ಲ, ಅಮೆರಿಕ ಪಟ್ಟು ಬಿಡಲಿಲ್ಲ. ಮುದುಕಿಯ ತಿಂಗಳ ಹಣ ನಿಂತಿತು.

ಈ ತೆರೆಯುವಿಕೆ ಮುಚ್ಚುವಿಕೆಗಳ ವೇಗ ಎಷ್ಟಾಯಿತೆಂಬುದಕ್ಕೆ ೨೦೨೫ರ ಜನವರಿಯೇ ಸಾಕ್ಷಿ. ಭಯೋತ್ಪಾದನೆಗೆ ನೆರವೀಯುವ ರಾಷ್ಟ್ರಗಳೆಂದು ಅಮೆರಿಕ ಒಂದು ಪಟ್ಟಿಯನ್ನು ಇಟ್ಟಿದೆ. ಕ್ಯೂಬಾವನ್ನು ೧೯೮೨ರಲ್ಲಿ ಅದಕ್ಕೆ ಸೇರಿಸಿ, ೨೦೧೫ರಲ್ಲಿ ತೆಗೆದು, ೨೦೨೧ರಲ್ಲಿ ಮತ್ತೆ ಸೇರಿಸಲಾಗಿತ್ತು. ೨೦೨೫ರ ಜನವರಿ ೧೪ರಂದು ಅಧ್ಯಕ್ಷ ಬೈಡನ್ನರು ಅದನ್ನು ತೆಗೆಯುವುದಾಗಿ ಪ್ರಕಟಿಸಿದರು. ಅದೇ ದಿನ ಕ್ಯೂಬಾ ೫೫೩ ಸೆರೆಯಾಳುಗಳನ್ನು ಬಿಡುವುದಾಗಿ ಹೇಳಿತು. ಜನವರಿ ೨೦ರಂದು ಅಧಿಕಾರ ವಹಿಸಿದ ಅಧ್ಯಕ್ಷ ಟ್ರಂಪರು ಮೊದಲ ದಿನವೇ ಹಿಂದಿನವರ ನಿರ್ಧಾರವನ್ನು ರದ್ದುಪಡಿಸಿದರು. ನಡುವೆ ಇದ್ದದ್ದು ಆರು ದಿನ. ಅದೇ ವರ್ಷದ ಜೂನಿನಲ್ಲಿ ಕ್ಯೂಬನರಿಗೆ ಕಾಯಂ ನೆಲೆಸುವ ವೀಸಾಗಳನ್ನೂ ಪ್ರವಾಸ, ವಿದ್ಯಾಭ್ಯಾಸಗಳ ವೀಸಾಗಳನ್ನೂ ಬಹುಮಟ್ಟಿಗೆ ತಡೆಹಿಡಿಯುವ ಘೋಷಣೆ ಹೊರಟಿತು. ಈ ಸಾಲುಗಳು ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಯಾವ ಬಾಗಿಲು ತೆರೆದಿದ್ದೀತು, ಯಾವುದು ಮುಚ್ಚಿದ್ದೀತು ಎಂದು ಹೇಳುವ ಧೈರ್ಯ ನಮಗಿಲ್ಲ.

ಇಷ್ಟೊಂದು ಅನಿಶ್ಚಯಕ್ಕೆ ಕಾರಣಗಳಾದರೂ ಏನು? ಮುಖ್ಯವಾಗಿ ಮೂರು ಗಂಟುಗಳು ಕಾಣುತ್ತವೆ. ಮೊದಲನೆಯದು ಅಮೆರಿಕದ ಕಾನೂನು. ೧೯೯೬ರ ಫೆಬ್ರವರಿ ೨೪ರಂದು ಕ್ಯೂಬಾದ ಯುದ್ಧವಿಮಾನಗಳು ಮಯಾಮಿಯ ದೇಶಭ್ರಷ್ಟರ ಎರಡು ಚಿಕ್ಕ ವಿಮಾನಗಳನ್ನು ಹೊಡೆದುರುಳಿಸಿ ನಾಲ್ವರನ್ನು ಕೊಂದವು. ಆ ಕೋಪದಲ್ಲಿ, ಮಾರ್ಚಿನಲ್ಲಿ ಹೆಲ್ಮ್ಸ್–ಬರ್ಟನ್ ಕಾಯಿದೆ ಬಂದಿತು. ಅಲ್ಲಿಯವರೆಗೆ ಅಧ್ಯಕ್ಷರ ಆಜ್ಞೆಯಾಗಿದ್ದ ದಿಗ್ಬಂಧನ ಅಂದಿನಿಂದ ಕಾನೂನಾಯಿತು. ಅಧ್ಯಕ್ಷರೊಬ್ಬರು ಅದನ್ನು ಸಡಿಲಿಸಬಹುದು, ಬಿಗಿಯಬಹುದು. ಪೂರ್ತಿ ಕಳಚಬೇಕಾದರೆ ಅಮೆರಿಕದ ಸಂಸತ್ತು ಮನಸ್ಸು ಮಾಡಬೇಕು. ಫ್ಲಾರಿಡದ ಕ್ಯೂಬನರ ಮತಗಳು ಚುನಾವಣೆಯಲ್ಲಿ ತೂಕವುಳ್ಳವಾದ್ದರಿಂದ ಆ ಮನಸ್ಸು ಸುಲಭವಾಗಿ ಬಾರದು.

ಎರಡನೆಯದು ಆಸ್ತಿ. ಕ್ಯೂಬಾ ವಶಪಡಿಸಿಕೊಂಡ ಅಮೆರಿಕನರ ಆಸ್ತಿಗಳ ೫,೯೧೩ ಹಕ್ಕುದಾವೆಗಳನ್ನು ಅಮೆರಿಕದ ಆಯೋಗವೊಂದು ಮಾನ್ಯ ಮಾಡಿದೆ. ಬಡ್ಡಿ ಬಿಟ್ಟು ಅವುಗಳ ಮೊತ್ತ ಸುಮಾರು ೧೯೦ ಕೋಟಿ ಡಾಲರು. ದಿಗ್ಬಂಧನದಿಂದ ತನಗಾದ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದೆಂಬುದು ಕ್ಯೂಬಾದ ವಾದ. ಈ ಗಂಟು ಬಿಚ್ಚಲಾರದ್ದೇನಲ್ಲ. ಅದಕ್ಕಿಂತ ಘೋರವಾಗಿ ಕಾದಾಡಿದ ವಿಯೆಟ್ನಾಮಿನೊಡನೆ ಅಮೆರಿಕ ೧೯೯೫ರ ಆರಂಭದಲ್ಲಿ ಆಸ್ತಿಯ ಲೆಕ್ಕ ತೀರಿಸಿಕೊಂಡು, ಅದೇ ವರ್ಷ ರಾಯಭಾರ ಸಂಬಂಧವನ್ನೂ ಬೆಳೆಸಿತು.

ಮೂರನೆಯ ಗಂಟು ಕ್ಯೂಬಾದ ಒಳಗಿನದು. ಅಲ್ಲಿ ಒಂದೇ ಪಕ್ಷದ ಆಡಳಿತ. ೨೦೨೧ರ ಜುಲೈ ೧೧ರಂದು ಅನ್ನ, ಔಷಧಿ, ಸ್ವಾತಂತ್ರ್ಯಗಳನ್ನು ಕೇಳಿ ಊರೂರುಗಳಲ್ಲಿ ಜನ ಬೀದಿಗಿಳಿದಾಗ ನೂರಾರು ಮಂದಿಯನ್ನು ಸೆರೆಮನೆಗೆ ತಳ್ಳಲಾಯಿತು. ಎಲ್ಲ ಕೊರತೆಗೂ ದಿಗ್ಬಂಧನವೇ ಕಾರಣವೆಂದು ಸರ್ಕಾರ ಹೇಳುತ್ತದೆ. ದಿಗ್ಬಂಧನದ ಏಟು ನಿಜ. ಆದರೆ ಬೆಳೆಯುವ ರೈತನ ಕೈಯನ್ನೂ ಮಾತನಾಡುವ ಪ್ರಜೆಯ ಬಾಯನ್ನೂ ಕಟ್ಟಿದವರು ಹೊರಗಿನವರಲ್ಲ. ಅತ್ತ ಅಮೆರಿಕದವರು, ಜನ ಹಸಿದರೆ ಸರ್ಕಾರ ಉರುಳುವುದೆಂದು ಅರವತ್ತು ವರ್ಷಕ್ಕೂ ಮಿಕ್ಕಿ ಕಾದರು. ಉರುಳಿದ್ದು ಸರ್ಕಾರವಲ್ಲ, ಸಂಸಾರಗಳು. ೨೦೨೨, ೨೦೨೩ ಎರಡೇ ವರ್ಷಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯೂಬನರು ಅಮೆರಿಕದ ಗಡಿ ಮುಟ್ಟಿದರು. ೨೦೨೪ರ ಕೊನೆಗೆ ದ್ವೀಪದ ಜನಸಂಖ್ಯೆ ಸರ್ಕಾರದ ಲೆಕ್ಕದಲ್ಲಿಯೇ ಒಂದು ಕೋಟಿಗಿಂತ ಕೆಳಗಿಳಿಯಿತು. ಹೋದವರಲ್ಲಿ ಹರೆಯದವರೇ ಹೆಚ್ಚು. ಮನೆ ಕಾಯಲು ಅಜ್ಜ ಅಜ್ಜಿಯರು ಉಳಿದಿದ್ದಾರೆ.

ಆದರೂ ಈ ಎಲ್ಲ ಆಜ್ಞೆಗಳ ಅಡಿಯಲ್ಲಿ ನಂಟಿನ ಬೇರು ಒಣಗಿಲ್ಲ. ಚಂಡಮಾರುತ ರಹದಾರಿ ಕೇಳುವುದಿಲ್ಲವಾದ್ದರಿಂದ ಮಯಾಮಿಯ ಚಂಡಮಾರುತ ಕೇಂದ್ರದವರೂ ಹವಾನಾದ ಹವಾಮಾನ ತಜ್ಞರೂ ಹಗೆತನದ ವರ್ಷಗಳಲ್ಲಿಯೂ ಗಾಳಿ ಮಳೆಯ ಸುದ್ದಿಯನ್ನು ಹಂಚಿಕೊಂಡು ಬಂದಿದ್ದಾರೆ. ೨೦೦೦ದ ಕಾನೂನೊಂದು ಆಹಾರ ಪದಾರ್ಥಗಳ ಮಾರಾಟಕ್ಕೆ ದಾರಿ ಬಿಟ್ಟ ಮೇಲೆ, ಶತ್ರುದೇಶವೆಂದು ಬೈಯುವ ಅಮೆರಿಕದಿಂದ ಬಂದ ಕೋಳಿಮಾಂಸವೇ ಕ್ಯೂಬಾದ ಎಷ್ಟೋ ಅಡಿಗೆಮನೆಗಳಲ್ಲಿ ಬೇಯುತ್ತದೆ. ಸೆಪ್ಟೆಂಬರ್ ೮ರಂದು ಕ್ಯೂಬಾದ ಎಲ್ ಕೋಬ್ರೆ ಗುಡಿಯಲ್ಲಿಯೂ ಮಯಾಮಿಯ ಕಡಲ ದಂಡೆಯ ಗುಡಿಯಲ್ಲಿಯೂ ಒಬ್ಬಳೇ ಮಾತೆಗೆ, ಕರುಣೆಯ ಕನ್ಯೆಗೆ, ಹಬ್ಬ ನಡೆಯುತ್ತದೆ. ಮಯಾಮಿಯ ಗುಡಿಯನ್ನು ಕ್ಯೂಬಾದ ಕಡಲಿಗೆ ಮುಖಮಾಡಿ ಕಟ್ಟಿದ್ದಾರೆ. ಇತ್ತ ಕಡಲಿಗೆ ಮುಖ ಮಾಡಿ ಕೈಮುಗಿಯುವವರ ಮನಸ್ಸಿನಲ್ಲಿ ಏನಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶಕ್ಕೂ ಈ ವಿಷಯದಲ್ಲಿ ಒಂದು ನಿಲುವಿದೆ. ೧೯೮೩ರ ಮಾರ್ಚಿನಲ್ಲಿ ದೆಹಲಿಯ ಅಲಿಪ್ತ ರಾಷ್ಟ್ರಗಳ ಸಮ್ಮೇಳನದಲ್ಲಿ ಫಿಡೆಲ್ ಕ್ಯಾಸ್ಟ್ರೊ ಇಂದಿರಾ ಗಾಂಧಿಯವರನ್ನು ಆಲಂಗಿಸಿದ ಚಿತ್ರ ಹಿರಿಯ ಓದುಗರಿಗೆ ನೆನಪಿದ್ದೀತು. ದಿಗ್ಬಂಧನ ಕೊನೆಗೊಳ್ಳಲೆಂಬ ಠರಾವು ವಿಶ್ವಸಂಸ್ಥೆಯಲ್ಲಿ ೧೯೯೨ರಿಂದ ಬಹುಮತದಿಂದ ಅಂಗೀಕೃತವಾಗುತ್ತ ಬಂದಿದೆ. ಭಾರತವೂ ಅದರ ಪರವಾಗಿ ಮತ ಹಾಕಿದೆ. ೨೦೧೬ರಲ್ಲಿ ಅಮೆರಿಕವೇ ವಿರೋಧಿಸದೆ ತಟಸ್ಥವಾಗಿ ಉಳಿಯಿತು. ೨೦೨೪ರಲ್ಲಿ ಪರವಾಗಿ ೧೮೭, ವಿರುದ್ಧವಾಗಿ ೨ ಮತಗಳು ಬಿದ್ದವು. ೨೦೨೫ರಲ್ಲಿ ಪರವಾದ ಮತಗಳು ೧೬೫ಕ್ಕೆ ಇಳಿದವು, ವಿರುದ್ಧದವು ೭ ಆದವು. ಲೋಕದ ಅಭಿಪ್ರಾಯವೂ ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ಇದು ಸೂಚನೆ.

ಮುಂದೇನು? ಜ್ಯೋತಿಷ್ಯ ಹೇಳುವುದು ನಮ್ಮ ಕಸುಬಲ್ಲ. ಆಸ್ತಿಯ ಬಗ್ಗೆ, ನೌಕಾನೆಲೆಯ ಬಗ್ಗೆ, ಸೆರೆಯಾಳುಗಳ ಬಗ್ಗೆ, ಆಡಳಿತದ ಬಗ್ಗೆ ಎರಡು ಸರ್ಕಾರಗಳೂ ಎಷ್ಟು ಬೇಕಾದರೂ ಚೌಕಾಶಿ ಮಾಡಲಿ. ಅವು ದೊಡ್ಡ ಪ್ರಶ್ನೆಗಳು, ಅವುಗಳಿಗೆ ಕಾಲ ಬೇಕು. ಆದರೆ ಮಗ ತಾಯಿಯನ್ನು ನೋಡಿಬರುವುದನ್ನು, ಅಕ್ಕ ತಮ್ಮನಿಗೆ ಔಷಧಿಯ ಹಣ ಕಳಿಸುವುದನ್ನು, ಗಂಡ ಹೆಂಡತಿ ಒಂದು ಮನೆಯಲ್ಲಿ ಬಾಳುವುದನ್ನು ಆ ಚೌಕಾಶಿಯ ತಕ್ಕಡಿಯಲ್ಲಿ ಇಡಬಾರದು. ಇಷ್ಟನ್ನು ಮಾತ್ರ ಬೇರೆಯಾಗಿ ಎತ್ತಿಟ್ಟು, ಅಧ್ಯಕ್ಷರು ಬದಲಾದರೂ ಬದಲಾಗದಂತೆ ಉಭಯರೂ ಒಪ್ಪಿಕೊಂಡರೆ, ಉಳಿದ ಮಾತುಕತೆ ಇನ್ನೊಂದು ತಲೆಮಾರು ಎಳೆದರೂ ಚಿಂತೆಯಿಲ್ಲ. ಇಂಥ ಒಪ್ಪಂದ ಆದೀತೆಂಬ ಭರವಸೆ ನಮಗೆ ಪೂರ್ತಿಯಾಗಿ ಇಲ್ಲ. ಆಗಬೇಕೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಸರ್ಕಾರಗಳಿಗೆ ಆಯುಸ್ಸಿನ ಚಿಂತೆಯಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ೧೯೬೧ರಲ್ಲಿ ಕೈಯಲ್ಲೊಂದು ಚೀಲ ಹಿಡಿದು ಒಂಟಿಯಾಗಿ ವಿಮಾನ ಹತ್ತಿದ ಮಕ್ಕಳಿಗೆ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಅವರನ್ನು ಕಳಿಸಿಕೊಟ್ಟ ತಾಯಂದಿರಲ್ಲಿ ಹೆಚ್ಚಿನವರು ಇಂದು ಇಲ್ಲ. ಈ ತಲೆಮಾರಿನಲ್ಲಿ ಹೊರಟುಹೋದವರ ತಾಯಂದಿರು ಇನ್ನೂ ಬಾಗಿಲಲ್ಲಿ ಕುಳಿತಿದ್ದಾರೆ.

ಓದುಗರೇ, ಗೆರೆಯಾಚೆ ನಮಗೂ ಬಂಧುಗಳಿದ್ದಾರೆ. ನಮ್ಮನ್ನು ತಡೆಯುವವರು ಯಾರೂ ಇಲ್ಲ. ತಡೆ ಇರುವುದು ನಮ್ಮ ಸೋಮಾರಿತನದ್ದು ಮಾತ್ರ. ಬಹಳ ದಿನದಿಂದ ಕಾಣದಿರುವ ಚಿಕ್ಕಮ್ಮನ ಮನೆಗೆ ಈ ತಿಂಗಳು ಒಮ್ಮೆ ಹೋಗಿ ಬನ್ನಿ.